ಜನ ಇದನ್ನೆಲ್ಲ ಸುಮ್ನೆ ಕೇಳ್ಕೊಂಡಿದ್ರಾ?

ಎಡೊ ಕಾಲದ ಜಪಾನಿನ ಮಾತು ತೆಗೆದರೆ ಸಾಕು, ನನಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಉಡೋ ಬಟ್ಟೆಗೂ, ಮಕ್ಕಳ ಗೊಂಬೆಗೂ ಸರ್ಕಾರ ಕಾನೂನು ಮಾಡಿತ್ತಂತೆ. ಜನ ಸುಮ್ನೆ ಕೇಳ್ಕೊಂಡಿದ್ರಾ?"

ಹೊರಗೆ ಕೇಳಿದರು. ಒಳಗೆ ತಮ್ಮ ದಾರಿ ತಾವು ಹುಡುಕಿಕೊಂಡರು.

1603ರಿಂದ 1868ರವರೆಗೆ ಎಡೊದಿಂದ (ಇಂದಿನ ಟೋಕಿಯೊ) ಜಪಾನ್ ಆಳಿದ ಸೇನಾ ದೊರೆಗಳಾದ ತೊಕುಗಾವಾ ಶೋಗನ್‌ಗಳಿಗೆ ಒಂದೇ ಹಟ: ಯಾರು ಯಾವ ಅಂತಸ್ತಿನವರು ಅನ್ನೋದು ನೋಡಿದ ಕೂಡಲೇ ಗೊತ್ತಾಗಬೇಕು. ರೈತರಿಗೆ ಹತ್ತಿ ಬಟ್ಟೆ, ನಾರಿನ ಬಟ್ಟೆ. 1683ರಲ್ಲಿ ಹೆಂಗಸರ ಉಡುಪಿನ ಜರಿ, ಕಸೂತಿಗೂ ನಿಷೇಧ ಬಂತು. ಅದಕ್ಕೆ ಎರಡು ವರ್ಷ ಮೊದಲು, ವ್ಯಾಪಾರಿ ಇಶಿಕಾವಾ ರೊಕುಬೆಯ ಹೆಂಡತಿ ಭಾರೀ ಸಿಂಗಾರ ಮಾಡಿಕೊಂಡು ಶೋಗನ್ ತ್ಸುನಯೊಶಿಯ ಕಣ್ಣಿಗೆ ಬಿದ್ದಳು. ಆಸ್ತಿ ಜಪ್ತಿ, ಊರಿಂದ ಗಡಿಪಾರು.

ದುಡ್ಡಿದ್ದ ಪೇಟೆಯ ಜನ ಏನು ಮಾಡಿದರು ಗೊತ್ತಾ? ಹೊರಗೆ ಕಂದು, ಬೂದು ಬಣ್ಣದ ಸಾದಾ ಕಿಮೊನೊ. ಅಂಚು ಮಡಚಿ ನೋಡಿದರೆ ಒಳಪದರದಲ್ಲಿ ಚಿತ್ರ ಬಿಡಿಸಿದ ರೇಷ್ಮೆ! ಕಂದು, ಬೂದಿನಲ್ಲೇ ನೂರಾರು ಛಾಯೆ ಹುಟ್ಟಿದವು. 1721ರಲ್ಲಿ ಹೆಣ್ಣುಮಕ್ಕಳ ಗೊಂಬೆ ಹಬ್ಬದ ಗೊಂಬೆ 8 ಸುನ್ (ಜಪಾನಿನ ಹಳೆಯ ಅಳತೆ), ಅಂದರೆ ಸುಮಾರು 24 ಸೆಂಟಿಮೀಟರ್ ದಾಟಬಾರದು ಅಂದರು. ಮುಂದೆ ಬೆರಳುದ್ದದ ಗೊಂಬೆಗಳು ಬಂದವು. ಅಷ್ಟು ಚಿಕ್ಕದರಲ್ಲಿ ಅಷ್ಟು ನಾಜೂಕು ಕೆಲಸ! ನನಗಂತೂ ಆ ಕಾಲದ ಕೈಗಳ ಮೇಲೆ ತುಂಬಾ ಪ್ರೀತಿ.

ಅದೇ ಕಾನೂನು ಮತ್ತೆ ಮತ್ತೆ ಹೊರಡುತ್ತಿತ್ತು. ಪಾಲಿಸಿದ್ದರೆ ಮತ್ತೆ ಹೇಳಬೇಕಿರಲಿಲ್ಲ, ಅಲ್ವಾ? ಜನರೇ ಅದಕ್ಕೆ "ಮೂರು ದಿನದ ಕಾನೂನು" ಅಂತ ಹೆಸರಿಟ್ಟಿದ್ದರು.

ಆದರೆ ಇದನ್ನು ಜಾಣ ಜನರ ಗೆಲುವಿನ ಕಥೆ ಅಂತ ಹೇಳಲು ನನಗೆ ಮನಸ್ಸಿಲ್ಲ. ಹಳ್ಳಿಗಳಲ್ಲಿ ಐದೈದು ಮನೆಗಳ ಗುಂಪು ಮಾಡಿದ್ದರು. ಒಂದು ಮನೆಯವರು ತಪ್ಪು ಮಾಡಿದರೆ ಉಳಿದ ನಾಲ್ಕು ಮನೆಯವರೂ ಹೊಣೆ. ಪೊಲೀಸಿನವರಿಗಿಂತ ಪಕ್ಕದ ಮನೆಯವರ ಭಯವೇ ಜಾಸ್ತಿ. ಆಗ ಕ್ರೈಸ್ತ ಧರ್ಮಕ್ಕೆ ನಿಷೇಧ ಇತ್ತು; ತಾವು ಕ್ರಿಶ್ಚಿಯನ್ನರಲ್ಲ ಅನ್ನೋದಕ್ಕೆ ಪ್ರತಿ ಮನೆಯವರ ಹೆಸರೂ ಬೌದ್ಧ ದೇವಾಲಯದ ಪುಸ್ತಕದಲ್ಲಿ ಇರಲೇಬೇಕಿತ್ತು. 1791ರಲ್ಲಿ ಲೇಖಕ ಸಾಂಟೊ ಕ್ಯೊಡೆನ್ ತನ್ನ ಪುಸ್ತಕಗಳಿಗಾಗಿ 50 ದಿನ ಕೈಗೆ ಕೋಳ ಹಾಕಿಸಿಕೊಂಡ.

ಹೆಂಗಸರ ಪಾಡು ಇನ್ನೂ ಕಷ್ಟ. ಶೋಗನ್ ಕೈಕೆಳಗಿನ ಪ್ರಾಂತ್ಯಗಳ ದೊರೆಗಳ ಹೆಂಡತಿಯರು ಎಡೊದಲ್ಲಿ ಒತ್ತೆಯಾಳುಗಳಂತೆ ಇರಬೇಕಿತ್ತು. ಅವರು ತಪ್ಪಿಸಿಕೊಂಡಾರು ಅಂತ ಎಡೊದಿಂದ ಹೊರಡುವ ದಾರಿಯಲ್ಲಿದ್ದ ಹಕೊನೆಯ ಗಡಿಕಟ್ಟೆಯಲ್ಲಿ ಹೊರಹೋಗುವ ಹೆಂಗಸರನ್ನೆಲ್ಲ ತಡೆಯುತ್ತಿದ್ದರು. ತಪಾಸಣೆಗೆಂದೇ ಇದ್ದ ಹೆಂಗಸು ಅವರ ಮುಡಿ ಬಿಚ್ಚಿ, ಕೂದಲಲ್ಲಿ ಬೆರಳಾಡಿಸಿ, ರಹದಾರಿ ಚೀಟಿಯಲ್ಲಿ ಬರೆದ ಗುರುತಿಗೆ ತಾಳೆ ನೋಡುತ್ತಿದ್ದಳು. ಹೊಂದದಿದ್ದರೆ ಬಂದ ದಾರಿಯಲ್ಲೇ ವಾಪಸ್.