ಮಾವನ ಲ್ಯಾಪ್‌ಟಾಪಿಗೆ ಯಾವ ಬ್ರೌಸರ್?

ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ನನ್ನ ಸೋದರಮಾವ ಬುಕಿಂಗ್ ನೋಡುವುದಕ್ಕೂ ಬ್ಯಾಂಕಿನ ವ್ಯವಹಾರಕ್ಕೂ ಒಂದೇ ಹಳೆಯ ಲ್ಯಾಪ್‌ಟಾಪನ್ನು ನೆಚ್ಚಿಕೊಂಡಿದ್ದಾರೆ. ಈ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದಾಗ, "ಎಲ್ಲಕ್ಕಿಂತ ಭದ್ರವಾದ ಬ್ರೌಸರ್ ಯಾವುದೋ ಅದನ್ನೇ ಹಾಕಿಕೊಡು ಮಾರಾಯ" ಎಂದರು. ಅದರಲ್ಲಿದ್ದ ಕ್ರೋಮಿನ ಮೂರು ಚುಕ್ಕೆಗಳನ್ನು ಒತ್ತಿ ಆವೃತ್ತಿ ನೋಡಿದೆ: 109. ಆ ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ 7ಕ್ಕೆ ಸಿಕ್ಕ ಕೊನೆಯ ಕ್ರೋಮ್ ಅದು. 2023ರ ಫೆಬ್ರವರಿಯಲ್ಲಿ 110 ಬಂದಾಗ ಗೂಗಲ್ ಆ ವಿಂಡೋಸಿನ ಕೈಬಿಟ್ಟಿತು. ಮೈಕ್ರೋಸಾಫ್ಟ್ ಅದಕ್ಕೂ ಮೂರು ವರ್ಷ ಮೊದಲೇ ಅದಕ್ಕೆ ಉಚಿತ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತ್ತು. ಅಂದರೆ ಮಾವನ ಪ್ರಶ್ನೆಗೆ ಬ್ರೌಸರಿನ ಹೆಸರು ಹೇಳಿದರಷ್ಟೇ ಸಾಲುತ್ತಿರಲಿಲ್ಲ.

ಆದರೂ ಹೆಸರುಗಳ ನಡುವೆ ವ್ಯತ್ಯಾಸವಿದೆ. 2008ರಲ್ಲಿ ಕ್ರೋಮ್ ಬಂದಾಗಲೇ ಜಾಲತಾಣದ ಪುಟಗಳನ್ನು ತೆರೆಯುವ ಭಾಗವನ್ನು ಸ್ಯಾಂಡ್‌ಬಾಕ್ಸ್ ಎಂಬ ಆವರಣದೊಳಗಿಟ್ಟು, ಒಂದು ಪುಟ ಕೆಟ್ಟದ್ದಾದರೂ ಅದರ ಕೈ ನಮ್ಮ ಕಡತಗಳಿಗೆ ಸುಲಭವಾಗಿ ತಲುಪದಂತೆ ಕಟ್ಟಲಾಗಿತ್ತು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ದೋಷ ಕಂಪ್ಯೂಟರಿನ ಮಿದುಳಾದ ಪ್ರೊಸೆಸರುಗಳಲ್ಲೇ ಇರುವುದು ಬಯಲಾಯಿತು. ಒಂದೇ ಪ್ರೋಸೆಸ್‌ನಲ್ಲಿ, ಅಂದರೆ ಕಂಪ್ಯೂಟರ್ ಬೇರೆಯಾಗಿ ನಡೆಸುವ ಒಂದೇ ಕೆಲಸದ ಕೋಣೆಯಲ್ಲಿ, ಕುಳಿತ ಎರಡು ತಾಣಗಳಲ್ಲಿ ಒಂದು ಇನ್ನೊಂದರ ಗುಟ್ಟನ್ನು ಓದಬಹುದು ಎಂದು ಗೊತ್ತಾದಾಗ, ಪ್ರತಿ ತಾಣಕ್ಕೂ ಬೇರೆಯದೇ ಪ್ರೋಸೆಸ್ ಕೊಡುವ ಏರ್ಪಾಡನ್ನು ಕ್ರೋಮ್ ಅದೇ ವರ್ಷ ತನ್ನ 67ನೇ ಆವೃತ್ತಿಯಲ್ಲಿ ಡೆಸ್ಕ್‌ಟಾಪ್ ಬಳಕೆದಾರರಿಗೆ ಜಾರಿಗೆ ತಂದಿತು. ಫೈರ್‌ಫಾಕ್ಸಿನಲ್ಲಿ ಇಂಥದ್ದೇ ಏರ್ಪಾಡು ಎಲ್ಲರಿಗೂ ಸಿಗುವಷ್ಟರಲ್ಲಿ 2021 ಬಂದಿತ್ತು. ನಾನು ಹಲವು ವರ್ಷಗಳಿಂದ ಫೈರ್‌ಫಾಕ್ಸನ್ನೇ ಬಳಸುವವನಾದರೂ ಆ ಮೂರು ವರ್ಷಗಳ ಅಂತರವನ್ನು ಮುಚ್ಚಿಟ್ಟು ಮಾತಾಡಲಾರೆ.

ಫೈರ್‌ಫಾಕ್ಸಿನ ಪರವಾಗಿ ಹೇಳುವುದೂ ಇದೆ. ತಮ್ಮಲ್ಲಿ ಸಿಕ್ಕ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70 ಪ್ರತಿಶತ ಮೆಮೊರಿ ನಿರ್ವಹಣೆಯ ತಪ್ಪುಗಳೇ ಎಂದು ಕ್ರೋಮಿಗೆ ತಳಹದಿಯಾದ ಕ್ರೋಮಿಯಂನ ತಂಡ 2020ರಲ್ಲಿ ಹೇಳಿಕೊಂಡಿತು. ಇಂಥ ಹೆಚ್ಚಿನ ತಪ್ಪುಗಳನ್ನು ಪ್ರೋಗ್ರಾಂ ಬರೆಯುವ ಹಂತದಲ್ಲೇ ತಡೆಯುವ ರಸ್ಟ್ ಭಾಷೆ ಬೆಳೆದದ್ದು ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಆಶ್ರಯದಲ್ಲಿ. 2017ರ ಫೈರ್‌ಫಾಕ್ಸ್ 57ರಲ್ಲಿ ಪುಟದ ಬಣ್ಣ, ಅಕ್ಷರದ ಅಳತೆಗಳನ್ನು ಲೆಕ್ಕ ಹಾಕುವ ಎಂಜಿನನ್ನು ಆ ಭಾಷೆಯಲ್ಲೇ ಹೊಸದಾಗಿ ಬರೆಯಲಾಗಿತ್ತು.

ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ ಇವೆಲ್ಲ ಕ್ರೋಮಿಯಂ ತಳಹದಿಯ ಮೇಲೆಯೇ ನಿಂತಿರುವುದರಿಂದ ತಾಣಗಳ ನಡುವಿನ ಗೋಡೆಗಳ ಮಟ್ಟಿಗೆ ಅವುಗಳಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಭೇದ ಇರುವುದು ದೋಷ ಮುಚ್ಚುವ ತೇಪೆ ಎಷ್ಟು ಬೇಗ ತಲುಪುತ್ತದೆ ಎಂಬುದರಲ್ಲಿ. ಕ್ರೋಮಿಯಂನ ಮೂಲ ಕೋಡ್ ಎಲ್ಲರಿಗೂ ಕಾಣುವಂಥದ್ದು. ದೋಷವೊಂದನ್ನು ಅಲ್ಲಿ ಸರಿಪಡಿಸಿದ ಗಳಿಗೆಯಿಂದ ಆ ತೇಪೆ ನಮ್ಮ ಯಂತ್ರಕ್ಕೆ ಬರುವವರೆಗಿನ ದಿನಗಳಲ್ಲಿ, ತೇಪೆಯನ್ನೇ ನೋಡಿ ತೂತು ಎಲ್ಲಿತ್ತೆಂದು ಕಳ್ಳನೂ ಊಹಿಸಬಲ್ಲ. ಈ ಅಂತರ ಕಡಿಮೆ ಮಾಡಲೆಂದೇ ಕ್ರೋಮ್ 2023ರಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡುತ್ತಿದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೋಟದ ಸುತ್ತ ಆನೆ ಕಂದಕ ಎಷ್ಟು ಆಳ ತೋಡಿದ್ದರೂ, ಮಳೆಗೆ ಮಣ್ಣು ಕುಸಿದ ಒಂದು ಜಾಗ ಸಾಕು.

ತೇಪೆ ಇಳಿದು ಬಂದರೂ ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯುವವರೆಗೆ ಅದು ಜಾರಿಗೆ ಬರುವುದಿಲ್ಲ. ಮಾವ ಲ್ಯಾಪ್‌ಟಾಪನ್ನು ಮಡಚಿ ಇಡುವವರೇ ಹೊರತು ಬ್ರೌಸರ್ ಮುಚ್ಚುವವರಲ್ಲ. ಅವರಲ್ಲಿ ಇಪ್ಪತ್ತಮೂರು ಟ್ಯಾಬ್ ತೆರೆದಿದ್ದವು. ಅವುಗಳಲ್ಲಿ ನಾಲ್ಕು ಕಾಫಿ ದರದ ಒಂದೇ ಪುಟ.

ಭದ್ರತೆಯ ಜೊತೆ ಜನ ಕಲಸಿಬಿಡುವ ಇನ್ನೊಂದು ವಿಷಯ ಖಾಸಗಿತನ. ಮೂರನೆಯವರ ಕುಕಿಗಳನ್ನು, ಅಂದರೆ ನಾವು ತೆರೆದ ತಾಣವಲ್ಲದೆ ಬೇರೆಯವರು ನಮ್ಮ ಜಾಡು ಹಿಡಿಯಲು ಬ್ರೌಸರಿನಲ್ಲಿ ಇಡುವ ಗುರುತುಗಳನ್ನು, ಆಪಲ್‌ನ ಸಫಾರಿ ಬ್ರೌಸರ್ 2020ರಲ್ಲೇ ಪೂರ್ತಿ ತಡೆಯಿತು, ಫೈರ್‌ಫಾಕ್ಸ್ 2022ರಲ್ಲಿ ಒಂದೊಂದು ತಾಣದ ಕುಕಿಯನ್ನು ಅದರದರ ಡಬ್ಬಿಗೇ ಸೀಮಿತಗೊಳಿಸಿತು, ಕ್ರೋಮ್ ಮಾತ್ರ ವರ್ಷಗಟ್ಟಲೆ ಮಾತು ಕೊಟ್ಟು ಕೊನೆಗೆ ಹಿಂದೆ ಸರಿಯಿತು. ಜಾಹೀರಾತಿನಿಂದ ಬದುಕುವ ಕಂಪನಿಯಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ.

ಮಾವನ ಯಂತ್ರದಲ್ಲಿ ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಹಳೆಯ ಕ್ರೋಮ್ ಅಲ್ಲ, ಅದರ ಮೂಲೆಯಲ್ಲಿ ಕುಳಿತಿದ್ದ ಪಿಡಿಎಫ್ ಪರಿವರ್ತಿಸುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಹೆಚ್ಚುವರಿಯಾಗಿ ಸೇರಿಸುವ ಪುಟ್ಟ ಪ್ರೋಗ್ರಾಂ. ಅದರ ವಿವರ ತೆರೆದರೆ, ಎಲ್ಲ ಜಾಲತಾಣಗಳಲ್ಲಿರುವ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಅನುಮತಿ ಅದಕ್ಕಿತ್ತು. ಬ್ಯಾಂಕಿನ ಪುಟವೂ ಅದರೊಳಗೇ ಬಂತು. ತಾಣ ತಾಣಗಳ ನಡುವೆ ಎಬ್ಬಿಸಿದ ಗೋಡೆಗಳೆಲ್ಲ ಇಲ್ಲಿ ನಿರರ್ಥಕ, ಏಕೆಂದರೆ ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ. ಯಾರು ಹಾಕಿದ್ದೆಂದು ಕೇಳಿದರೆ, ಅತಿಥಿಗಳ ಗುರುತಿನ ಚೀಟಿ ಪ್ರಿಂಟ್ ಮಾಡಲು ಯಾರೋ ಹುಡುಗ ಹಾಕಿಕೊಟ್ಟನೆಂದರು.

ಕೊನೆಗೆ ವಿಂಡೋಸ್ ತೆಗೆದು ಅದರ ಜಾಗದಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ, ಅದರೊಂದಿಗೆ ಬರುವ ಫೈರ್‌ಫಾಕ್ಸನ್ನೇ ಉಳಿಸಿದೆ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಒಂದನ್ನು ಬಿಟ್ಟು ಬೇರೆ ಎಕ್ಸ್‌ಟೆನ್ಶನ್ ಸೇರಿಸಲಿಲ್ಲ. ನಡುವೆ ಎರಡು ಸಲ ಕರೆಂಟು ಹೋಗಿ, ಅಪ್‌ಡೇಟ್ ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು. ಮರುದಿನ ಬೆಳಿಗ್ಗೆ ನಾನು ಮಡಿಕೇರಿ ತಲುಪುವ ಮೊದಲೇ ಮಾವನ ಫೋನು: "ಎಲ್ಲ ಸರಿ ಇದೆ. ನನ್ನ ಕಾಫಿ ರೇಟಿನ ನಾಲ್ಕು ಟ್ಯಾಬ್ ಎಲ್ಲಿಟ್ಟಿದ್ದೀಯ?"