36 ಸುತ್ತುಗಳ ಲೆಕ್ಕ: ಋತುವಿನ ಕೊನೆಯ ಟಿಪ್ಪಣಿ

ಈ ಋತುವಿನ ಕೊನೆಯ ಗಾಲ್ಫ್ ಸುತ್ತು ಮುಗಿಯಿತು. ಒಂಬತ್ತು ತಿಂಗಳಲ್ಲಿ ಒಟ್ಟು 36 ಸುತ್ತು ಆಡಿದ್ದೇನೆ. ಎಲ್ಲವೂ 18 ಹೋಲ್‌ಗಳ ಪೂರ್ಣ ಸುತ್ತುಗಳು, ಎಲ್ಲವೂ ಒಂದೇ ಕೋರ್ಸಿನಲ್ಲಿ, ಒಂದೇ ಟೀಯಿಂದ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ). ಪ್ರತಿ ಹೋಲ್ ಮುಗಿಸಿ ಮುಂದಿನ ಟೀಗೆ ನಡೆಯುವಷ್ಟರಲ್ಲಿ ಐದು ಸಂಗತಿಗಳನ್ನು ಬರೆದುಕೊಳ್ಳುವ ನಿಯಮವನ್ನು ಮೊದಲ ದಿನದಿಂದ ಪಾಲಿಸಿದೆ: ಒಟ್ಟು ಹೊಡೆತ, ಮೊದಲ ಹೊಡೆತ ಬಿದ್ದ ಜಾಗ, ಪೆನಾಲ್ಟಿ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಸಕಾಲಕ್ಕೆ, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಗಳಲ್ಲಿ ಎರಡು ಉಳಿದಿರುವಾಗಲೇ ಸಿಕ್ಕಿತೇ ಇಲ್ಲವೇ ಎಂಬುದು ಮತ್ತು ಪಟ್‌ಗಳ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತಗಳ) ಸಂಖ್ಯೆ. ಋತುವಿನ ಆರಂಭದಲ್ಲಿ ನನ್ನ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ಆಟಗಾರನ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಉತ್ತಮ) 18.0 ಇತ್ತು, ಈಗ 17.1 ಇದೆ. ಇಷ್ಟು ತಿಂಗಳ ಶ್ರಮಕ್ಕೆ ಸಿಕ್ಕಿದ್ದು ಒಂದು ಹೊಡೆತಕ್ಕಿಂತಲೂ ಕಡಿಮೆಯೇ ಎಂದು ಮೊದಲು ಬೇಸರವಾಯಿತು. ಆದರೆ ದಾಖಲೆಯ ಪುಸ್ತಕವನ್ನು ಹನ್ನೆರಡು ಹನ್ನೆರಡು ಸುತ್ತುಗಳ ಮೂರು ಭಾಗಗಳಾಗಿ ವಿಂಗಡಿಸಿ ಕೂಡಿಸಿದಾಗ ಬೇರೆಯೇ ಚಿತ್ರ ಕಂಡಿತು.

ಮೊದಲ ಹನ್ನೆರಡು ಸುತ್ತುಗಳ ಸರಾಸರಿ 95.2. ನಡುವಿನ ಹನ್ನೆರಡರದು 96.8. ಕೊನೆಯ ಹನ್ನೆರಡರದು 91.9. ಅಂದರೆ ಆರಂಭಕ್ಕೂ ಕೊನೆಗೂ ನಡುವೆ ಮೂರು ಹೊಡೆತಗಳಿಗಿಂತ ಹೆಚ್ಚಿನ ಅಂತರವಿದೆ. ಇಂಡೆಕ್ಸ್ ಮಾತ್ರ ಒಂದಂಶವೂ ಕೆಳಗಿಳಿದಿಲ್ಲ. ಇದು ಹೇಗೆ?

ಉತ್ತರ ಹ್ಯಾಂಡಿಕ್ಯಾಪ್ ಲೆಕ್ಕ ಹಾಕುವ ಕ್ರಮದಲ್ಲಿದೆ. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ, ಪ್ರತಿ ಸುತ್ತಿನ ಸ್ಕೋರಿನಿಂದ ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಂದ ಆ ಕೋರ್ಸಿನಲ್ಲಿ ನಿರೀಕ್ಷಿಸುವ ಸ್ಕೋರು) ಕಳೆದು, ಅದನ್ನು 113ರಿಂದ ಗುಣಿಸಿ ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರನಿಗೆ ಆ ಕೋರ್ಸು ಎಷ್ಟು ಕಠಿಣ ಎಂಬ ಅಂಕಿ) ಭಾಗಿಸುತ್ತಾರೆ. ಹೀಗೆ ಬಂದ ಅಂಕಿಗಳಲ್ಲಿ ಇತ್ತೀಚಿನ 20 ಸುತ್ತುಗಳವನ್ನು ತೆಗೆದುಕೊಂಡು, ಅವುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ಇಂಡೆಕ್ಸ್ ಎನ್ನುತ್ತಾರೆ. ಉಳಿದ 12 ಸುತ್ತುಗಳು ಎಷ್ಟೇ ಕೆಟ್ಟದಾಗಿದ್ದರೂ ಅವು ಲೆಕ್ಕಕ್ಕೆ ಬರುವುದಿಲ್ಲ. ಇಂಡೆಕ್ಸ್ ಇರುವುದು ಆಟಗಾರನ ಸಾಮರ್ಥ್ಯವನ್ನು ಹೇಳಲು; ಅವನು ಸಾಮಾನ್ಯವಾಗಿ ಹೇಗೆ ಆಡುತ್ತಾನೆ ಎಂಬುದನ್ನು ಹೇಳಲು ಅಲ್ಲ. ನನ್ನ ಒಳ್ಳೆಯ ದಿನಗಳು ಈ ಋತುವಿನಲ್ಲಿ ಹೆಚ್ಚೇನೂ ಬದಲಾಗಿಲ್ಲ: ಮೊದಲ ಭಾಗದ ಅತ್ಯುತ್ತಮ ಸ್ಕೋರು 88, ಕೊನೆಯ ಭಾಗದ್ದು 87. ಬದಲಾದದ್ದು ಕೆಟ್ಟ ದಿನಗಳು. ಮೊದಲ ಭಾಗದ ಅತಿ ಕೆಟ್ಟ ಸ್ಕೋರು 106, ಕೊನೆಯ ಭಾಗದ್ದು 96. ಹದಿನೆಂಟು ಹೊಡೆತಗಳಷ್ಟಿದ್ದ ಏರಿಳಿತ ಒಂಬತ್ತಕ್ಕೆ ಇಳಿದಿದೆ. ಈ ಋತುವಿನ ನನ್ನ ನಿಜವಾದ ಪ್ರಗತಿ ಇದೇ, ಮತ್ತು ಅಧಿಕೃತ ಅಂಕಿಯಲ್ಲಿ ಅದು ಬಹುಮಟ್ಟಿಗೆ ಕಾಣಿಸುವುದಿಲ್ಲ.

106ರ ಆ ಸುತ್ತನ್ನು ಇಲ್ಲಿ ಸ್ವಲ್ಪ ವಿವರವಾಗಿ ದಾಖಲಿಸಬೇಕು. ನಮ್ಮ 11ನೇ ಹೋಲ್ ಪಾರ್ 5, ಅಂದರೆ ಅದಕ್ಕೆ ನಿಗದಿಯಾದದ್ದು ಐದು ಹೊಡೆತ. ಟೀಯಿಂದ ನೋಡಿದರೆ ಬಲಬದಿಗೆ ಉದ್ದಕ್ಕೂ ಕೆರೆ. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್‌ನಿಂದ ಹೊಡೆದ ಮೊದಲ ಚೆಂಡು ಬಲಕ್ಕೆ ಬಾಗಿ ನೀರಿಗೆ ಬಿತ್ತು. ಒಂದು ಪೆನಾಲ್ಟಿ ಪಡೆದು, ಚೆಂಡು ನೀರಿನ ಅಂಚನ್ನು ದಾಟಿದ ಜಾಗದ ಪಕ್ಕದಲ್ಲಿ ಹೊಸ ಚೆಂಡನ್ನು ಬಿಟ್ಟು, ಕಳೆದುಕೊಂಡದ್ದನ್ನು ಒಂದೇ ಹೊಡೆತದಲ್ಲಿ ಮರಳಿ ಪಡೆಯುವ ಹಟದಿಂದ ದೂರಕ್ಕೆ ಹೊಡೆಯುವ ಇನ್ನೊಂದು ಕೋಲಾದ 3 ವುಡ್ ಎತ್ತಿಕೊಂಡೆ. ಅದೂ ನೀರಿಗೇ ಹೋಯಿತು. ಐದನೆಯ ಹೊಡೆತಕ್ಕೆ ಫೇರ್‌ವೇ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲಿನ ಹಾದಿ), ಆರನೆಯದಕ್ಕೆ ಗ್ರೀನ್‌ಗೆ ಸ್ವಲ್ಪ ಹಿಂದೆ, ಏಳನೆಯದಕ್ಕೆ ಗ್ರೀನ್, ಅಲ್ಲಿಂದ ಮೂರು ಪಟ್. ಒಟ್ಟು 10. ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಒಂದು ಹೋಲ್‌ಗೆ ನೆಟ್ ಡಬಲ್ ಬೋಗಿಯೇ (ಪಾರ್‌ಗಿಂತ ಎರಡು ಹೊಡೆತ ಹೆಚ್ಚು, ಜೊತೆಗೆ ಆಟಗಾರನಿಗಿರುವ ರಿಯಾಯಿತಿ) ಮಿತಿಯಾದ್ದರಿಂದ, ಆ ಹೋಲ್‌ನಲ್ಲಿ ಒಂದು ಹೊಡೆತದ ರಿಯಾಯಿತಿ ಇರುವ ನನ್ನಂಥವನ 10 ಅಲ್ಲಿ 8 ಎಂದೇ ದಾಖಲಾಗುತ್ತದೆ. ಆ ನಿಯಮ ನ್ಯಾಯವಾದದ್ದೇ. ಆದರೆ ನನ್ನ ಪುಸ್ತಕದಲ್ಲಿ 10 ಎಂದೇ ಬರೆದೆ, ಏಕೆಂದರೆ ನಾನು ತಿದ್ದಿಕೊಳ್ಳಬೇಕಾದದ್ದು ಆ ಎರಡು ಹೊಡೆತಗಳಲ್ಲೇ ಅಡಗಿತ್ತು.

ನಡುವಿನ ಹನ್ನೆರಡು ಸುತ್ತುಗಳ ಕುಸಿತದ ಕಾರಣವನ್ನು ಹುಡುಕಲು ಬಹಳ ಸಮಯ ಹಿಡಿಯಿತು, ಮತ್ತು ಅದಕ್ಕೆ ನನ್ನದೇ ಒಂದು ತಪ್ಪು ಕಾರಣ. 13ನೇ ಸುತ್ತಿಗೆ ಮೊದಲು ಹಿಡಿತ ಬದಲಿಸಿದೆ. ಚೆಂಡು ಬಲಕ್ಕೆ ಬಾಗುವುದನ್ನು ತಡೆಯಲು ಎಡಗೈಯನ್ನು ತುಸು ಬಲಕ್ಕೆ ತಿರುಗಿಸಿ ಹಿಡಿಯತೊಡಗಿದೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಕೋರ್ಸಿನವರು ಎಲ್ಲ ಗ್ರೀನ್‌ಗಳಲ್ಲೂ ಸಾಲುಸಾಲಾಗಿ ಸಣ್ಣ ರಂಧ್ರ ಕೊರೆದು, ಮಣ್ಣಿನ ಬಿಲ್ಲೆಗಳನ್ನು ತೆಗೆದು, ಮರಳು ತುಂಬಿದರು. ಬೇರುಗಳಿಗೆ ಗಾಳಿ ಸಿಗಲು, ಗಟ್ಟಿಯಾದ ಮಣ್ಣು ಸಡಿಲವಾಗಲು ಇದು ಆಗಲೇಬೇಕಾದ ಕೆಲಸ. ಆದರೆ ಹುಲ್ಲು ಮತ್ತೆ ಕೂಡಿಕೊಳ್ಳುವ ತನಕ ಚೆಂಡು ಸಣ್ಣಗೆ ಕುಪ್ಪಳಿಸುತ್ತಾ ಉರುಳುತ್ತದೆ, ನೇರ ಹೋಗಬೇಕಾದ ಪಟ್ ಕುಳಿಯ ಅಂಚಿನಲ್ಲಿ ತಪ್ಪುತ್ತದೆ. ಇದರ ಜೊತೆಗೆ ಮಳೆಯೂ ಬಂತು. ಒದ್ದೆ ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುವುದರಿಂದ, 215 ಗಜ ಹೋಗುತ್ತಿದ್ದ ಡ್ರೈವ್ 200ಕ್ಕೆ ನಿಂತಿತು, ಮತ್ತು 7 ಐರನ್ ಸಾಕಾಗುತ್ತಿದ್ದ ಕಡೆ ಇನ್ನೂ ದೂರ ಹೊಡೆಯುವ 6 ಅಥವಾ 5 ತೆಗೆಯಬೇಕಾಯಿತು.

ಆ ದಿನಗಳಲ್ಲಿ ಎಲ್ಲ ತಪ್ಪನ್ನೂ ಹೊಸ ಹಿಡಿತದ ಮೇಲೆ ಹೊರಿಸಿ, 20ನೇ ಸುತ್ತಿನ ಹೊತ್ತಿಗೆ ಅದನ್ನು ಕೈಬಿಡಲು ಸಿದ್ಧನಾಗಿದ್ದೆ. ಅಂದು ಸಂಜೆ ಕುಳಿತು ಅಂಕಣಗಳನ್ನು ಪ್ರತ್ಯೇಕವಾಗಿ ಕೂಡಿಸದೆ ಹೋಗಿದ್ದರೆ ಹಳೆಯ ಹಿಡಿತಕ್ಕೆ ಮರಳುತ್ತಿದ್ದುದು ಖಂಡಿತ. ಪಟ್‌ಗಳು ಸುತ್ತಿಗೆ 35.6ರ ಮಟ್ಟದಿಂದ 37ರ ಸಮೀಪಕ್ಕೆ ಏರಿದ್ದವು. ಅದಕ್ಕೂ ಡ್ರೈವರ್ ಹಿಡಿತಕ್ಕೂ ಸಂಬಂಧವೇ ಇಲ್ಲ. ಟೀಯಿಂದ ಪೆನಾಲ್ಟಿಗೆ ಹೋದ ಚೆಂಡುಗಳು ಹೊಸ ಹಿಡಿತದ ಮೊದಲ ನಾಲ್ಕು ಸುತ್ತುಗಳಲ್ಲಿ ಹೆಚ್ಚಿ, ಆಮೇಲೆ ಇಳಿಯುತ್ತಿದ್ದವು. ಅಂದರೆ ಕೈ ಹೊಸ ಹಿಡಿತಕ್ಕೆ ಒಗ್ಗುತ್ತಿತ್ತು, ಸ್ಕೋರು ಹಾಳಾಗುತ್ತಿದ್ದುದು ಗ್ರೀನ್‌ಗಳಲ್ಲಿ. ಹಿಡಿತವನ್ನು ಉಳಿಸಿಕೊಂಡೆ. ಹುಲ್ಲು ಕೂಡಿಕೊಂಡ ಮೇಲೆ, ನಾನು ಯಾವ ವಿಶೇಷ ಅಭ್ಯಾಸವನ್ನೂ ಮಾಡದೆಯೇ, ಪಟ್‌ಗಳು ತಾವಾಗಿ ಇಳಿದವು.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ವೃತ್ತಿಪರರ ಆಟದಿಂದ ಒಂದು ಉದಾಹರಣೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಸ್ಕಾಟಿ ಶೆಫ್ಲರ್ ಟೀಯಿಂದ ಗ್ರೀನ್‌ವರೆಗಿನ ಆಟದಲ್ಲಿ 2023ರಲ್ಲೇ ಎಲ್ಲರಿಗಿಂತ ಮುಂದಿದ್ದರೂ ಪಟಿಂಗ್‌ನಲ್ಲಿ ಹಿಂದೆ ಬಿದ್ದಿದ್ದರು. 2024ರ ಮಾರ್ಚ್‌ನಲ್ಲಿ ಅಗಲ ತಲೆಯ ಮ್ಯಾಲೆಟ್ ಪಟ್ಟರ್ (ಪಟ್ ಮಾಡುವ ಕೋಲು) ಹಿಡಿದು, ಅದೇ ತಿಂಗಳು ಅರ್ನಾಲ್ಡ್ ಪಾಮರ್ ಇನ್ವಿಟೇಷನಲ್ ಮತ್ತು ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದರು, ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಗೆದ್ದರು. ತಮ್ಮ ಸ್ವಿಂಗ್‌ಗೆ ಅವರು ಕೈ ಹಾಕಲಿಲ್ಲ.

ಕೊನೆಯ ಹನ್ನೆರಡು ಸುತ್ತುಗಳಲ್ಲಿ ನಾನು ಮಾಡಿದ ಬದಲಾವಣೆ ಇಷ್ಟೇ: ನೀರು ಅಥವಾ ಗಡಿಯಾಚೆಯ ಅಪಾಯ ಹತ್ತಿರವಿರುವ ಐದು ಹೋಲ್‌ಗಳಲ್ಲಿ ಡ್ರೈವರ್ ಬಿಟ್ಟು 5 ವುಡ್‌ನಿಂದ ಆರಂಭಿಸಿದೆ. ದೂರದಲ್ಲಿ ಸುಮಾರು 30 ಗಜ ನಷ್ಟವಾಯಿತು. ಮೊದಲ ಭಾಗದಲ್ಲಿ 37 ಇದ್ದ ಪೆನಾಲ್ಟಿ ಹೊಡೆತಗಳು ಕೊನೆಯ ಭಾಗದಲ್ಲಿ 17ಕ್ಕೆ ಇಳಿದವು, ಸುತ್ತಿಗೆ 1.7ರಷ್ಟು ಉಳಿತಾಯ. ಪಟ್‌ಗಳು ಸುತ್ತಿಗೆ 34.1ಕ್ಕೆ ಇಳಿದು ಇನ್ನೊಂದು 1.5 ಉಳಿಯಿತು. ಮೂರು ಹೊಡೆತಗಳ ಪ್ರಗತಿ ಬಹುತೇಕ ಇವೆರಡರಲ್ಲೇ ಮುಗಿಯುತ್ತದೆ.

ಆದರೂ ಪಟ್‌ಗಳ ಇಳಿಕೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಸಕಾಲಕ್ಕೆ ಸಿಕ್ಕ ಗ್ರೀನ್‌ಗಳು ಕೊನೆಯ ಭಾಗದಲ್ಲಿ ಕೊಂಚ ಕಡಿಮೆಯೇ ಆಗಿವೆ. ಗ್ರೀನ್ ತಪ್ಪಿದಾಗ ಪಕ್ಕದಿಂದ ಚಿಪ್ ಎಂಬ ಸಣ್ಣ ಹೊಡೆತ ಹೊಡೆದು ಚೆಂಡನ್ನು ಕುಳಿಯ ಹತ್ತಿರ ತರುತ್ತೇವೆ, ಆಗ ಪಟ್ ಸಹಜವಾಗಿ ಕಡಿಮೆಯಾಗುತ್ತದೆ. ಆ ಶ್ರೇಯಸ್ಸು ಚಿಪ್‌ಗೆ ಸೇರಬೇಕೇ ಹೊರತು ಪಟ್ಟರ್‌ಗಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರು ರೂಪಿಸಿದ, ಅಮೆರಿಕದ ವೃತ್ತಿಪರರ ಪಿಜಿಎ ಟೂರ್ 2011ರಲ್ಲಿ ಪಟಿಂಗ್‌ಗೆ ಅಳವಡಿಸಿಕೊಂಡ ಸ್ಟ್ರೋಕ್ಸ್ ಗೇನ್ಡ್ ಕ್ರಮ ಈ ಗೊಂದಲವನ್ನೇ ಬಿಡಿಸುತ್ತದೆ: ಪಟ್‌ಗಳನ್ನು ಬರಿದೆ ಎಣಿಸದೆ, ಮೊದಲ ಪಟ್ ಎಷ್ಟು ದೂರದ್ದು ಎಂಬುದಕ್ಕೆ ಹೋಲಿಸಿ ಅಳೆಯುತ್ತದೆ. ಟೂರಿನ ಆಟಗಾರರೇ 8 ಅಡಿಯಿಂದ ಸುಮಾರು ಅರ್ಧದಷ್ಟು ಪಟ್‌ಗಳನ್ನು ಮಾತ್ರ ಕುಳಿಗೆ ಹಾಕುತ್ತಾರೆ ಎಂದು ತಿಳಿದ ಮೇಲೆ, ಅಷ್ಟು ದೂರದಿಂದ ತಪ್ಪಿದಾಗಲೆಲ್ಲ ಕುಗ್ಗುತ್ತಿದ್ದ ನನ್ನ ಮನಸ್ಸು ಎಷ್ಟೋ ಹಗುರವಾಯಿತು.

ಹಾಗಾಗಿ 31ನೇ ಸುತ್ತಿನಿಂದ ಆರನೆಯ ಅಂಕಣವೊಂದನ್ನು ಸೇರಿಸಿದ್ದೇನೆ: ಮೊದಲ ಪಟ್‌ನ ದೂರ, ಹೆಜ್ಜೆಗಳಲ್ಲಿ. ಆರು ಸುತ್ತುಗಳ ದಾಖಲೆಯಿಂದ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. ಮುಂದಿನ ಋತುವಿನ ಮೊದಲ ಹನ್ನೆರಡು ಸುತ್ತುಗಳು ಮುಗಿಯುವವರೆಗೆ ಪಟ್ಟರ್, ಹಿಡಿತ, ಚೆಂಡು ಯಾವುದನ್ನೂ ಬದಲಿಸುವುದಿಲ್ಲ. 36ನೇ ಸುತ್ತಿನ 11ನೇ ಹೋಲ್‌ನ ಸಾಲು ಹೀಗಿದೆ: 5 ವುಡ್, ಫೇರ್‌ವೇಯ ಎಡ ಅಂಚು, ಪೆನಾಲ್ಟಿ ಇಲ್ಲ, ಗ್ರೀನ್ ಸಕಾಲಕ್ಕೆ ಸಿಗಲಿಲ್ಲ, ಮೊದಲ ಪಟ್ ನಾಲ್ಕು ಹೆಜ್ಜೆ, ಪಟ್ 2, ಒಟ್ಟು 6.