ಬರೀ ಧೈರ್ಯ ಹೇಳಿದರೆ ಸಾಲದೇ?

ಮದುವೆಯಲ್ಲಿ, ಜಾತ್ರೆಯಲ್ಲಿ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಭಾಗದ ಹೆಣ್ಣುಮಕ್ಕಳು ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಕ್ಕಾ, ನಿಮ್ಮ ಮನಿಯವರು ಹೆಂಗ ಆರಾಮಾದ್ರು? ನಮ್ಮನ್ಯಾಗೂ ಹಂಗ ಆಗೇತಿ. ಧೈರ್ಯಾ ಹೇಳಿ ಹೇಳಿ ಸಾಕಾಗೇತಿ. ಗುಳಿಗಿ ತಗೋರಿ ಅಂದ್ರ ಬ್ಯಾಡ ಅಂತಾರ." ನನ್ನ ಗಂಡನಿಗೆ ಆತಂಕದ ಕಾಯಿಲೆ ಇದೆ ಅನ್ನುವುದು ಊರಿಗೆಲ್ಲ ಗೊತ್ತು. ಅವರೇ ಯಾರಿಗೂ ಮುಚ್ಚಿಟ್ಟಿಲ್ಲ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಧೈರ್ಯ ಹೇಳಿದರೆ ಸಾಲುವುದಿಲ್ಲ. ಎಷ್ಟೋ ಸಲ ಅದರಿಂದಲೇ ಆತಂಕ ಜಾಸ್ತಿಯಾಗುತ್ತದೆ.

ನಮ್ಮದು ದ್ರಾಕ್ಷಿ ತೋಟ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಒಣದ್ರಾಕ್ಷಿ ಡಬ್ಬಿ ತುಂಬುವ ತನಕ ಮನೆಯಲ್ಲಿ ಎಲ್ಲರ ಕಣ್ಣು ಮೋಡದ ಮೇಲೆಯೇ. ಹೂವು ಬಿಡುವಾಗ ಮಳೆ ಬಂದರೆ ರೋಗ. ಶೆಡ್ಡಿನಲ್ಲಿ ಒಣಗುವಾಗ ಮಳೆ ಬಂದರೆ ಮಾಲು ಕಪ್ಪಾಗಿ ರೇಟು ಬೀಳುತ್ತದೆ. ಈ ಚಿಂತೆ ಎಲ್ಲ ಬೆಳೆಗಾರರಿಗೂ ಇರುವುದೇ. ಅದು ಕಾಯಿಲೆಯಲ್ಲ. ಆದರೆ ನಮ್ಮವರು ಮೋಡವೇ ಇಲ್ಲದ ರಾತ್ರಿಯಲ್ಲೂ ಎದ್ದು ಕೂರುತ್ತಿದ್ದರು. "ಮಳಿ ಬರಂಗಿಲ್ಲ ಅಲಾ?" ಎಂದು ಕೇಳುತ್ತಿದ್ದರು. "ಇಲ್ಲ, ಮಲ್ಕೋರಿ" ಅಂದರೆ ಸ್ವಲ್ಪ ಹೊತ್ತು ಸಮಾಧಾನ. ಮತ್ತೆ ಅದೇ ಪ್ರಶ್ನೆ. ಆಮೇಲೆ ಮೊಬೈಲಿನಲ್ಲಿ ಹವಾಮಾನ, ಆಮೇಲೆ ತಮ್ಮನಿಗೆ ಫೋನು.

ಡಾಕ್ಟರು ಇದನ್ನು ಬಿಡಿಸಿ ಹೇಳಿದರು. ಕೇಳಿದಾಗಲೆಲ್ಲ ಸಮಾಧಾನ ಸಿಕ್ಕರೆ, ಕೇಳದೆ ಸಮಾಧಾನ ಇಲ್ಲ ಎಂದು ಮನಸ್ಸು ಕಲಿಯುತ್ತದೆ. ಅದಕ್ಕೇ ಉತ್ತರ ಎಷ್ಟು ಕೊಟ್ಟರೂ ಪ್ರಶ್ನೆ ಮುಗಿಯುವುದಿಲ್ಲ. ಅಂದಿನಿಂದ ನಾವು ಒಂದು ಮಾತು ರೂಢಿ ಮಾಡಿಕೊಂಡೆವು: "ಬರಬಹುದು, ಬರದೇನೂ ಇರಬಹುದು. ಬಂದ್ರ ತಾಡಪತ್ರಿ ಅದಾವಲ್ರಿ." ಒಮ್ಮೆ ಹೇಳುವುದು, ಅಷ್ಟೇ. ಎರಡನೇ ಸಲ ಕೇಳಿದರೆ, "ಅಂಜಿಕಿ ಬಂದೈತಿ ಅನಸ್ತದ, ನಾ ಇಲ್ಲೇ ಅದೀನಿ" ಅನ್ನುತ್ತೇನೆ. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು. ಅದು ಬರುವುದೇ. ತಾಳಿಕೊಳ್ಳಬೇಕು.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಪ್ರೀತಿಯಿಂದಲೇ ಮನೆಮಂದಿ ಅವರ ಕೆಲಸಗಳನ್ನೆಲ್ಲ ತಾವು ವಹಿಸಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಎದೆ ಹೊಡೆದುಕೊಂಡಿತು ಅಂತ ಬ್ಯಾಂಕಿಗೆ ಮೈದುನ ಹೋದ. ಬಸ್ಸಿನಲ್ಲಿ ಉಸಿರು ಕಟ್ಟಿತು ಅಂತ ವಿಜಯಪುರದ ಸಂತೆ ನಿಂತಿತು. ಹೋಗದೆ ಬಿಟ್ಟ ಜಾಗ ದಿನದಿನಕ್ಕೆ ಇನ್ನಷ್ಟು ಭಯದ ಜಾಗವಾಗುತ್ತದೆ. ಬಿಟ್ಟದ್ದನ್ನು ಸಣ್ಣ ಸಣ್ಣದಾಗಿ ಮತ್ತೆ ಹಿಡಿಯಬೇಕು. ನಮ್ಮವರು ಮೊದಲು ಬ್ಯಾಂಕಿನ ಬಾಗಿಲ ತನಕ ಹೋಗಿ ನಿಂತು ಬಂದರು. ಆಮೇಲೆ ಗದ್ದಲ ಇಲ್ಲದ ಹೊತ್ತಿನಲ್ಲಿ ಒಳಗೆ ಹೋದರು, ಮೈದುನ ಹೊರಗೆ ನಿಂತಿದ್ದ. ಈಗ ಒಬ್ಬರೇ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬರುತ್ತಾರೆ. ನನಗೆ ಅದು ಆ ವರ್ಷದ ಫಸಲಿಗಿಂತ ದೊಡ್ಡದು.

ಎದೆ ಹೊಡೆದುಕೊಳ್ಳುವ ವಿಷಯ. ಮೊದಲ ಸಲ ಹಾಗಾದಾಗ ಆತಂಕವೇ ಇರಬೇಕು ಎಂದು ಮನೆಯಲ್ಲಿ ಕೂರಬೇಡಿ. ಇಸಿಜಿ, ಥೈರಾಯ್ಡ್, ರಕ್ತ, ಸಕ್ಕರೆ ಎಲ್ಲ ನೋಡಿಸಿ. ಎಲ್ಲ ಸರಿ ಇದ್ದು ಮತ್ತೆ ಮತ್ತೆ ಹಾಗೇ ಆದರೆ ಅದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಭಯಕ್ಕೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರಿ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿಗೆ ಹೋಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆಗ ಸುತ್ತ ಗುಂಪು ಸೇರಬಾರದು. ಒಬ್ಬರು ಪಕ್ಕದಲ್ಲಿ ಕೂತು, ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಹೊರಗೆ ಬಿಡಲು ಹೇಳಿದರೆ ಸಾಕು.

ನಮ್ಮ ಕಡೆ ಗಂಡಸರ ಅಂಜಿಕೆ ಬಹಳ ಸಲ ಸಿಟ್ಟಾಗಿ ಹೊರಗೆ ಬೀಳುತ್ತದೆ. ರೊಟ್ಟಿ ಆರಿದೆ ಅಂತ ತಾಟು ಸರಿಸುವುದು, ಮಕ್ಕಳ ಮೇಲೆ ಹರಿಹಾಯುವುದು. ಹಿಂದೆ ಭಯ ಇದೆ ಅಂತ ಅರ್ಥ ಮಾಡಿಕೊಳ್ಳೋಣ. ಆದರೆ ಕೈ ಎತ್ತಿದರೆ ಕಾಯಿಲೆಯ ಹೆಸರಿನಲ್ಲಿ ಸಹಿಸಬೇಕಾಗಿಲ್ಲ.

ಇನ್ನು ಗುಳಿಗೆ. "ಒಮ್ಮೆ ಸುರು ಮಾಡಿದ್ರ ಬಿಡಾಕ ಬರಂಗಿಲ್ಲಂತ" ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಎಲ್ಲ ಗುಳಿಗೆ ಒಂದೇ ಅಲ್ಲ. ಅಲ್ಪ್ರಾಜೋಲಾಂನಂಥವು ಬೇಗ ಆರಾಮ ಕೊಡುತ್ತವೆ, ಅಭ್ಯಾಸವೂ ಆಗಬಹುದು. ಅವನ್ನು ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಂದು ನುಂಗಬೇಡಿ. ಆತಂಕಕ್ಕೆ ಡಾಕ್ಟರು ತಿಂಗಳುಗಟ್ಟಲೆ ಕೊಡುವ ಗುಳಿಗೆಗಳು ಸಾಮಾನ್ಯವಾಗಿ ಬೇರೆ. ಅವು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ಎಷ್ಟೋ ಮಂದಿ ಮೊದಲ ವಾರವೇ ಗುಣ ಇಲ್ಲ ಅಂತ ಬಿಟ್ಟುಬಿಡುತ್ತಾರೆ. ಆರಾಮಾದ ಮೇಲೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಅಂಜಿಕೆಗೆ ಅಂತ ರಾತ್ರಿ ಕುಡಿದರೆ ಮರುದಿನ ಅದು ದುಪ್ಪಟ್ಟಾಗಿ ಬರುತ್ತದೆ.

ನಮ್ಮ ಅತ್ತೆಯವರು ದೃಷ್ಟಿ ತೆಗೆದರು, ಸಿದ್ಧೇಶ್ವರ ಗುಡಿಗೆ ಹರಕೆ ಹೊತ್ತರು. ನಾನು ಬೇಡ ಅನ್ನಲಿಲ್ಲ. ಗುಡಿಗೂ ಹೋದೆವು, ದವಾಖಾನೆಗೂ ಹೋದೆವು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. "ನಾ ಇರಬಾರದು", "ನಿಮಗೆಲ್ಲಾ ಭಾರ ಆಗೀನಿ" ಎಂಬ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅನಸ್ತದೇನ್ರಿ?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಅವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಗಳಿಗೆ ಬೀಗ ಹಾಕಿ. ಕೀಲಿ ಬೇರೆಯವರ ಹತ್ತಿರ ಇರಲಿ. ಇಲ್ಲಿ ಎಲ್ಲರ ಮನೆಯಲ್ಲೂ ಆ ಡಬ್ಬಿ ಕೈಗೆ ಸಿಗುವ ಹಾಗೇ ಇರುತ್ತದೆ. ಅದು ನನಗೆ ತುಂಬಾ ಹೆದರಿಕೆಯ ವಿಷಯ.

ಎಲ್ಲಿಗೆ ಹೋಗಬೇಕು ಅಂತೀರಾ? 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುವ ಯೋಜನೆ ಇದೆ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ದೊಡ್ಡ ತೊಂದರೆ ಇದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ.

ಹೋಗುವಾಗ ಹಳೆಯ ಚೀಟಿ, ಇಸಿಜಿ, ಈಗ ತಗೊಳ್ಳುತ್ತಿರುವ ಗುಳಿಗೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ. ನೀವೂ ಒಳಗೆ ಕೂತು, ಮನೆಯಲ್ಲಿ ನೋಡಿದ್ದನ್ನು ಹೇಳಿ. ನಿಮಗೇ ನಿದ್ದೆ ಬರುತ್ತಿಲ್ಲ ಅಂದರೆ ಅದನ್ನೂ ಅಲ್ಲೇ ಹೇಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ.